ಕಟಾನಾ ಹಿಡಿಯ ದಾರ ಬರೀ ಅಲಂಕಾರವೇ? ಬಣ್ಣ ಬದಲಿಸುವ ಮುನ್ನ ಇದನ್ನು ಓದಿ

ಜಪಾನಿನ ಕಟಾನಾ ಕತ್ತಿಯ ಚಿತ್ರ ನೋಡದವರು ಕಡಿಮೆ. ಸಿನಿಮಾ, ಆನಿಮೆ, ವಿಡಿಯೊ ಗೇಮ್, ಕೊನೆಗೆ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲೂ ಅದು ಕಾಣಿಸುತ್ತದೆ. ತುಸು ಬಾಗಿದ ಅಲಗು, ಹಿಡಿಯ ಮೇಲೆ ಸಾಲಾಗಿ ವಜ್ರದಾಕಾರದ ಕಿಂಡಿಗಳು, ಒರೆಯಿಂದ ಇಳಿಬಿದ್ದ ಬಣ್ಣದ ಹಗ್ಗ. ಇದರ ಜೊತೆಗೆ ಕೆಲವು ಮಾತುಗಳೂ ಕೈಯಿಂದ ಕೈಗೆ ದಾಟುತ್ತಿರುತ್ತವೆ: "ಹಿಡಿಯ ದಾರ ಬರೀ ಶೋಕಿಗೆ", "ಒಳಗಿರುವುದು ಶಾರ್ಕ್ ಚರ್ಮ", "ದಾರದ ಬಣ್ಣ ನೋಡಿದರೆ ಸಮುರಾಯ್‌ನ ಪದವಿ ಗೊತ್ತಾಗುತ್ತದೆ", "ಹಳೇ ದಾರ ಕಿತ್ತು ಹತ್ತೇ ನಿಮಿಷದಲ್ಲಿ ಹೊಸ ಬಣ್ಣ ಸುತ್ತಿಕೊಳ್ಳಬಹುದು".

ಎರಡನೆಯ, ಮೂರನೆಯ ಮಾತನ್ನು ನಂಬಿದರೆ ದೊಡ್ಡ ನಷ್ಟವೇನಿಲ್ಲ. ಮೊದಲನೆಯದನ್ನೂ ನಾಲ್ಕನೆಯದನ್ನೂ ಒಟ್ಟಿಗೆ ನಂಬಿ, ದಾರ ಬದಲಿಸಿ, ಕತ್ತಿ ಬೀಸಿದರೆ ಮಾತ್ರ ಅಲಗು ಹಿಡಿಯಿಂದ ಕಳಚಿ ಎದುರಿಗಿರುವವರ ಮೇಲೆ ಹಾರುವ ಅಪಾಯವಿದೆ. ಆದ್ದರಿಂದ ಈ ಹಿಡಿ ಹೇಗೆ ಕೆಲಸ ಮಾಡುತ್ತದೆ, ಅದರಲ್ಲಿ ಯಾವುದನ್ನು ನಮ್ಮಿಷ್ಟದಂತೆ ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನು ಒಂದೊಂದಾಗಿ ನೋಡೋಣ.

ಹಿಡಿಯ ಒಳಗೆ ಏನಿದೆ?

ಕಟಾನಾದ ಹಿಡಿಗೆ ಜಪಾನೀ ಭಾಷೆಯಲ್ಲಿ ತ್ಸುಕಾ ಎನ್ನುತ್ತಾರೆ. ಹೊರಗಿನಿಂದ ಒಂದೇ ವಸ್ತುವಿನಂತೆ ಕಂಡರೂ ಅದು ಪದರ ಪದರವಾಗಿ ಕಟ್ಟಿದ್ದು.

ಎಲ್ಲಕ್ಕಿಂತ ಒಳಗೆ ಅಲಗಿನದೇ ಬುಡವಿದೆ. ಹರಿತವಿಲ್ಲದ ಈ ಭಾಗದ ಹೆಸರು ನಕಾಗೊ. ಅದರ ಸುತ್ತ ಎರಡು ಹೋಳಾಗಿ ಕೆತ್ತಿ ಜೋಡಿಸಿದ ಮರದ ಕವಚ. ಈ ಮರ ಹೊನೊಕಿ, ಅಂದರೆ ಮ್ಯಾಗ್ನೋಲಿಯಾ ಜಾತಿಯದು. ನಮ್ಮ ಸಂಪಿಗೆ ಮರವೂ ಇದೇ ಕುಲಕ್ಕೆ ಸೇರಿದೆ. ಹೊನೊಕಿ ಮೃದು, ಎಳೆ ನೇರ, ರಾಳ ಕಡಿಮೆ. ಹಾಗಾಗಿ ಉಕ್ಕನ್ನು ಗೀರುವುದಿಲ್ಲ, ತುಕ್ಕಿಗೂ ಸುಲಭವಾಗಿ ದಾರಿ ಮಾಡಿಕೊಡುವುದಿಲ್ಲ. ಎರಡು ಹೋಳುಗಳನ್ನು ಅಂಟಿಸುವುದು ಅರೆದ ಅನ್ನದ ಅಂಟಿನಿಂದ. ಮಕ್ಕಳು ಗಾಳಿಪಟಕ್ಕೆ ಅನ್ನದ ಅಗುಳು ಹಚ್ಚಿ ಅಂಟಿಸುವ ಉಪಾಯವೇ ಇದು. ಮುಂದೆಂದಾದರೂ ಬಿಚ್ಚಬೇಕಾದಾಗ ಮರ ಸೀಳದೆ ಬಿಡಿಸಿಕೊಳ್ಳಲು ಈ ಅಂಟು ಅನುಕೂಲ.

ಮರದ ಮೇಲೆ ಮೀನಿನ ಗಡಸು ಚರ್ಮ, ಅದರ ಮೇಲೆ ಹೆಣೆದ ಪಟ್ಟಿಯ ಸುತ್ತು. ಅಲಗಿನ ಕಡೆಯ ತುದಿಯಲ್ಲಿ ಲೋಹದ ಬಳೆ, ಇನ್ನೊಂದು ತುದಿಯಲ್ಲಿ ಟೊಪ್ಪಿಗೆ. ಸುತ್ತಿನ ಅಡಿಯಿಂದ ಅರ್ಧ ಇಣುಕುವ ಚಿಕ್ಕ ಲೋಹದ ಆಭರಣಗಳಿಗೆ ಮೆನುಕಿ ಎಂದು ಹೆಸರು.

ಇಷ್ಟೆಲ್ಲದರ ನಡುವೆ ಅಲಗನ್ನು ಹಿಡಿಗೆ ಬಿಗಿದಿಡುವುದು ಯಾವುದು? ಒಂದು ಸಣ್ಣ ಬಿದಿರಿನ ಬೆಣೆ. ಹೆಸರು ಮೆಕುಗಿ. ಮರ ಮತ್ತು ಉಕ್ಕು ಎರಡನ್ನೂ ತೂರಿಕೊಂಡು ಅಡ್ಡಲಾಗಿ ಕೂರುವ ಈ ಬೆಣೆ ಸಾಮಾನ್ಯವಾಗಿ ಒಂದೇ ಇರುತ್ತದೆ. ಕೆಲವು ಕತ್ತಿಗಳಲ್ಲಿ ಎರಡಿರುತ್ತವೆ. ಸ್ಕ್ರೂ ಇಲ್ಲ, ನಟ್ಟು ಇಲ್ಲ, ಬೆಸುಗೆ ಇಲ್ಲ.

ಒಂದು ಬಿದಿರಿನ ತುಂಡು ಅಷ್ಟು ಭಾರ ತಡೆಯುತ್ತದೆಯೇ?

ಒಂದು ಸರಳ ಲೆಕ್ಕ ಮಾಡೋಣ. ಅಲಗಿನ ತೂಕ 0.8 ಕೆ.ಜಿ. ಎಂದುಕೊಳ್ಳಿ. ಬೀಸುವಾಗ ಅದರ ಮಧ್ಯಭಾಗ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ, 0.8 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಆಗ ಅಲಗು ಹಿಡಿಯಿಂದ ಹೊರಕ್ಕೆ ಎಳೆಯುವ ಬಲ ಸುಮಾರು 100 ನ್ಯೂಟನ್. ಅಂದರೆ ಹಿಡಿಯಿಂದ 10 ಕೆ.ಜಿ. ಅಕ್ಕಿ ಮೂಟೆ ತೂಗುಬಿಟ್ಟಷ್ಟು ಎಳೆತ. ಪ್ರತಿ ಬೀಸಿಗೂ ಇದು ಮತ್ತೆ ಮತ್ತೆ ಬೀಳುತ್ತದೆ.

ಬಿದಿರಿನ ಉದ್ದನೆಯ ನಾರುಗಳು ಇದನ್ನು ತಡೆಯುತ್ತವೆ. ಹಳತಾದಾಗ ಬಿದಿರು ಹೆಚ್ಚಾಗಿ ಒಮ್ಮೆಲೇ ತುಂಡಾಗದೆ ಮೊದಲು ನಜ್ಜಾಗುತ್ತದೆ, ಬಾಗುತ್ತದೆ. ಇದು ಮುನ್ನೆಚ್ಚರಿಕೆ ಇದ್ದಂತೆ. ಆದರೆ ಬೆಣೆ ಒಂದೇ ಎಲ್ಲ ಕೆಲಸ ಮಾಡುವುದಿಲ್ಲ. ಮರದ ಕವಚ ಅಲಗಿನ ಬುಡವನ್ನು ಎಲ್ಲ ಕಡೆಯಿಂದ ಅಪ್ಪಿ ಹಿಡಿದಿರಬೇಕು. ಮರ ಸೀಳದಂತೆ ಚರ್ಮ ಬಿಗಿದಿರಬೇಕು. ಚರ್ಮವೂ ಮರವೂ ಅಲುಗದಂತೆ ದಾರ ಕಟ್ಟಿರಬೇಕು. ದಾರಕ್ಕೆ ಇಲ್ಲಿ ಒಂದು ನಿಜವಾದ ಕೆಲಸ ಇದೆ ಎನ್ನುವುದು ಈ ಕಾರಣಕ್ಕೆ.

ಗುದ್ದಲಿಯ ಕಾವು ಸಡಿಲವಾದರೆ ರೈತ ಕೆಲಸ ನಿಲ್ಲಿಸಿ ಮೊದಲು ಬೆಣೆ ಬಡಿಯುತ್ತಾನೆ. ಇಲ್ಲಿಯೂ ತರ್ಕ ಅದೇ. ಜಪಾನಿನ ಕತ್ತಿ ವಿದ್ಯೆ ಕಲಿಸುವ ಕಡೆಗಳಲ್ಲಿ ಅಭ್ಯಾಸಕ್ಕೆ ಮುನ್ನ ಬೆಣೆ ಪರೀಕ್ಷಿಸುವುದು ಮೊದಲ ಪಾಠಗಳಲ್ಲಿ ಒಂದು.

ಒಳಗಿರುವುದು ಶಾರ್ಕ್ ಚರ್ಮವೇ?

ಅಲ್ಲ. ತಪ್ಪು ಹುಟ್ಟಿದ್ದು ಹೆಸರಿನಿಂದ. ಜಪಾನೀಯರು ಇದನ್ನು ಸಮೆಗಾವಾ ಎನ್ನುತ್ತಾರೆ. ಸಮೆ ಎಂದರೆ ಶಾರ್ಕ್, ಕಾವಾ ಎಂದರೆ ಚರ್ಮ. ಹೆಸರು ಹಾಗಿದ್ದರೂ ಬಳಸುವುದು ಚಪ್ಪಟೆ ಮೈಯ ರೇ ಮೀನಿನ ಚರ್ಮವನ್ನು. ನಮ್ಮ ಕರಾವಳಿಯಲ್ಲಿ ತೊರಕೆ ಎಂದು ಕರೆಯುವ ಮೀನಿನ ಬಳಗ ಇದು. ಶಾರ್ಕ್ ಮತ್ತು ತೊರಕೆ ಎರಡೂ ಮೂಳೆಯ ಬದಲು ಮೃದ್ವಸ್ಥಿ ಇರುವ ಮೀನುಗಳು, ದೂರದ ನೆಂಟರು. ಹಾಗಾಗಿ ಹೆಸರು ಬೆರೆತದ್ದು ಅಚ್ಚರಿಯಲ್ಲ.

ಚರ್ಮದ ಮೇಲೆ ಕಾಣುವ ಬಿಳಿ ಮಣಿಗಳು ಹಲ್ಲಿನಂಥ ರಚನೆಗಳು. ನಮ್ಮ ಹಲ್ಲಿನಲ್ಲಿರುವಂತೆಯೇ ಅವುಗಳಲ್ಲೂ ಕ್ಯಾಲ್ಸಿಯಂ ಫಾಸ್ಫೇಟ್ ಆಧಾರಿತ ಗಡಸು ಪದಾರ್ಥವಿದೆ. ನೆನೆಸಿದ ಚರ್ಮವನ್ನು ಮರಕ್ಕೆ ಸುತ್ತಿ ಅಂಟಿಸುತ್ತಾರೆ. ಒಣಗುತ್ತ ಅದು ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪುತ್ತದೆ. ಮಣಿಗಳ ಒರಟುತನದಿಂದ ಮೇಲಿನ ದಾರ ಜಾರುವುದಿಲ್ಲ.

ಜಪಾನಿಗೆ ಈ ಚರ್ಮ ಬಹುಕಾಲ ಸಯಾಮ್ ಮುಂತಾದ ಆಗ್ನೇಯ ಏಷ್ಯಾದ ನಾಡುಗಳಿಂದ ಹಡಗಿನಲ್ಲಿ ಬರುತ್ತಿತ್ತು. ಅಗ್ಗದ ನಕಲಿಗಳಲ್ಲಿ ಇದರ ಜಾಗದಲ್ಲಿ ಮಣಿ ಅಚ್ಚೊತ್ತಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದು ನೋಡಲು ಹೋಲುತ್ತದೆ, ಮರವನ್ನು ಬಿಗಿಯುವುದಿಲ್ಲ. ಇನ್ನು ಕೆಲವು ಹಿಡಿಗಳಲ್ಲಿ ನಿಜವಾದ ಚರ್ಮವೇ ಇದ್ದರೂ ಎರಡು ಬದಿಗೆ ಎರಡು ತುಂಡು ಮಾತ್ರ ಅಂಟಿಸಿರುತ್ತಾರೆ. ಸುತ್ತಲೂ ಒಂದೇ ಚರ್ಮ ಹೊದಿಸಿದ ಹಿಡಿ ಅದಕ್ಕಿಂತ ಗಟ್ಟಿ.

ವಜ್ರದಾಕಾರ ಹೇಗೆ ಬರುತ್ತದೆ?

ಹಿಡಿಗೆ ಸುತ್ತುವ ಪಟ್ಟಿಯ ಹೆಸರು ತ್ಸುಕಾ-ಇತೊ. ಪೈಜಾಮಾದ ಲಾಡಿಯಂತೆ ಚಪ್ಪಟೆಯಾಗಿ, ಆದರೆ ತುಂಬ ಬಿಗಿಯಾಗಿ ಹೆಣೆದದ್ದು. ಒಂದು ಹಿಡಿಗೆ ಹಲವು ಮೀಟರ್ ಉದ್ದದ ಒಂದೇ ಪಟ್ಟಿ ಬೇಕು. ಅದರ ನಡುಭಾಗವನ್ನು ಅಲಗಿನ ಕಡೆಯ ಬಳೆಯ ಹತ್ತಿರ ಇಟ್ಟು, ಎರಡು ತುದಿಗಳನ್ನು ಎದುರುಬದುರಾಗಿ ಸುತ್ತುತ್ತ, ಪ್ರತಿ ಬದಿಯಲ್ಲೂ ಒಂದರ ಮೇಲೊಂದು ದಾಟಿಸುತ್ತ ಟೊಪ್ಪಿಗೆಯವರೆಗೆ ತಂದು ಗಂಟು ಹಾಕುತ್ತಾರೆ. ದಾಟುವ ಜಾಗಗಳ ನಡುವೆ ಉಳಿಯುವ ಕಿಂಡಿಯೇ ವಜ್ರದಾಕಾರ.

ಇದರಲ್ಲಿ ಫೋಟೊದಲ್ಲಿ ಕಾಣದ ಎರಡು ಗುಟ್ಟುಗಳಿವೆ.

ಮೊದಲನೆಯದು, ದಾಟುವ ಸರದಿ. ಒಂದು ಕಡೆ ಬಲದ ಪಟ್ಟಿ ಮೇಲೆ ಬಂದರೆ ಮುಂದಿನ ಕಡೆ ಎಡದ್ದು ಮೇಲೆ ಬರಬೇಕು. ಹೀಗೆ ಅದಲು ಬದಲಾದರೆ ಎಳೆತ ಎರಡೂ ಕಡೆಗೆ ಸಮನಾಗಿ ಹಂಚಿಹೋಗುತ್ತದೆ. ಯಾವಾಗಲೂ ಒಂದೇ ಕಡೆಯದು ಮೇಲಿದ್ದರೆ ಬಳಸುತ್ತ ಬಳಸುತ್ತ ಸುತ್ತು ಒಂದು ಬದಿಗೆ ಜರುಗುತ್ತದೆ. ಅಗ್ಗದ ಕತ್ತಿ ಪತ್ತೆ ಮಾಡಲು ಇದೊಂದು ಸುಲಭ ಗುರುತು.

ಎರಡನೆಯದು, ಕಾಗದ. ಪ್ರತಿ ತಿರುವಿನ ಅಡಿಯಲ್ಲಿ ಜಪಾನೀ ಕಾಗದವನ್ನು ಪುಟ್ಟ ತ್ರಿಕೋನಗಳಾಗಿ ಮಡಚಿ ತುರುಕುತ್ತಾರೆ. ಇದರಿಂದ ಪಟ್ಟಿ ಕೆಳಕ್ಕೆ ಕುಸಿಯದೆ ಉಬ್ಬಿ ನಿಲ್ಲುತ್ತದೆ, ಕಿಂಡಿಗಳೆಲ್ಲ ಒಂದೇ ಅಳತೆಗೆ ಬರುತ್ತವೆ, ಅಂಗೈಗೆ ಸಮನಾದ ಹಿಡಿತ ಸಿಗುತ್ತದೆ.

ದಾಟಿಸುವ ರೀತಿಯಲ್ಲೂ ಬಗೆಗಳಿವೆ. ದಾಟುವಲ್ಲಿ ಪಟ್ಟಿಯನ್ನು ತಿರುಚುವುದು ಹಿನೆರಿ-ಮಾಕಿ. ಇದು ಹೆಚ್ಚು ಬಳಕೆಯಲ್ಲಿದೆ. ಚಿವುಟಿ ಎತ್ತುವುದು ತ್ಸುಮಾಮಿ-ಮಾಕಿ. ತಿರುಚದೆ ಚಪ್ಪಟೆಯಾಗಿ ದಾಟಿಸುವುದು ಹಿರಾ-ಮಾಕಿ. ಹಿಡಿಯ ನಡುವೆ ವಜ್ರವಿಲ್ಲದೆ ಸುಮ್ಮನೆ ಸುತ್ತಿಕೊಂಡು ಹೋಗುವುದು ಕತಾತೆ-ಮಾಕಿ. ಈ ಕೆಲಸಕ್ಕೇ ಮೀಸಲಾದ ಕುಶಲಕರ್ಮಿಗಳು ಜಪಾನಿನಲ್ಲಿ ಇಂದಿಗೂ ಇದ್ದಾರೆ. ಅಲಗು ಮಾಡುವವರು, ಸಾಣೆ ಹಿಡಿಯುವವರು, ಒರೆ ಕೆತ್ತುವವರು, ಹಿಡಿ ಸುತ್ತುವವರು, ಹೀಗೆ ಒಂದೊಂದು ಕಸುಬಿಗೂ ಬೇರೆ ಬೇರೆ ಜನ.

ರೇಷ್ಮೆ, ಹತ್ತಿ, ತೊಗಲು: ಯಾವುದು ಒಳ್ಳೆಯದು?

ಇದು ಕತ್ತಿಯ ಬಳಕೆಯನ್ನು ಅವಲಂಬಿಸಿದೆ.

ರೇಷ್ಮೆ ತೆಳುವಾಗಿದ್ದರೂ ಗಟ್ಟಿ, ಬಿಗಿಯಾಗಿ ಕೂರುತ್ತದೆ, ಹೊಳಪೂ ಇದೆ. ಬೆಲೆ ಹೆಚ್ಚು. ಹತ್ತಿ ಬೆವರು ಹೀರುತ್ತದೆ, ಅಂಗೈಗೆ ಒರಟು ಹಿಡಿತ ಕೊಡುತ್ತದೆ, ಅಗ್ಗ. ಅಭ್ಯಾಸದ ಕತ್ತಿಗಳಲ್ಲಿ ಅದನ್ನು ಹೆಚ್ಚು ಕಾಣುತ್ತೇವೆ. ಆದರೆ ಬೇಗ ಸವೆದು ನಾರು ಎದ್ದು ಬರುತ್ತದೆ. ತೊಗಲಿನ ಪಟ್ಟಿ ಒಳ್ಳೆಯ ಹಿಡಿತ ಕೊಡುತ್ತದೆ, ಬಹುಕಾಲ ಬಾಳುತ್ತದೆ. ಒದ್ದೆಯಾಗಿ ಒಣಗುವುದು ಪದೇ ಪದೇ ಆದರೆ ಗಡುಸಾಗುತ್ತದೆ. ನೈಲಾನ್, ಪಾಲಿಯೆಸ್ಟರ್‌ನಂಥ ಕೃತಕ ನಾರು ಅಗ್ಗ, ಬಣ್ಣ ಮಾಸುವುದು ಕಡಿಮೆ. ಬೆವರಿದ ಕೈಯಲ್ಲಿ ಜಾರುವ ಸಾಧ್ಯತೆ ಹೆಚ್ಚು.

ಇಲ್ಲಿ ಬೆವರಿನ ಮಾತು ಮುಖ್ಯ. ಉಪ್ಪಿನ ಬೆವರು ದಾರದ ಮೂಲಕ ಇಳಿದು ಮರಕ್ಕೆ, ಅಲ್ಲಿಂದ ಉಕ್ಕಿಗೆ ತಲುಪಿದರೆ ಒಳಗೆ ತುಕ್ಕು ಹಿಡಿಯುತ್ತದೆ, ಮರ ಸಡಿಲವಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಅಭ್ಯಾಸ ಮುಗಿದ ಮೇಲೆ ಹಿಡಿಯನ್ನು ಗಾಳಿಗೆ ಆರಲು ಬಿಡಬೇಕು ಎನ್ನುವುದು ಇದಕ್ಕೇ.

ಬಣ್ಣ ನೋಡಿ ಪದವಿ ಹೇಳಬಹುದೇ?

ಕಾಲು ಭಾಗ ನಿಜ. ಎದೊ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ಶೋಗುನ್‌ನ ಕೋಟೆಗೆ ಔಪಚಾರಿಕ ಉಡುಪಿನಲ್ಲಿ ಹೋಗುವ ಸಮುರಾಯ್‌ಗಳ ಕತ್ತಿಗೆ ಒಂದು ಶಿಸ್ತಿತ್ತು: ಕಪ್ಪು ಅರಗಿನ ಒರೆ, ಬಿಳಿ ಮೀನುಚರ್ಮ, ಕಪ್ಪು ದಾರ. ಶಾಲೆಯ ಸಮವಸ್ತ್ರದಂತೆ. ಅದರಾಚೆಗೆ ಕಂದು, ಕಡುನೀಲಿ, ಹಸಿರು, ಬಿಳಿ ಎಲ್ಲವೂ ಬಳಕೆಯಲ್ಲಿದ್ದವು. "ಕೆಂಪು ಎಂದರೆ ಸೇನಾಪತಿ, ನೇರಳೆ ಎಂದರೆ ಗುರು" ಎಂಬಂಥ, ಎಲ್ಲ ಕಾಲಕ್ಕೂ ಎಲ್ಲ ಊರಿಗೂ ಹೊಂದುವ ಒಂದೇ ಪಟ್ಟಿ ಇರಲಿಲ್ಲ. ಅಂಥ ಚಾರ್ಟ್ ನಿಮಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕರಾಟೆಯ ಬೆಲ್ಟಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಒರೆಯಿಂದ ಇಳಿಯುವ ಹಗ್ಗ ಏತಕ್ಕೆ?

ಇದರ ಹೆಸರು ಸಾಗೆಯೊ. ಒರೆಯ ಬದಿಯಲ್ಲಿ ಕುರಿಗಾಟಾ ಎಂಬ ಗುಬಟು ಇರುತ್ತದೆ. ಅದರ ತೂತಿನಲ್ಲಿ ಈ ಹಗ್ಗ ಹಾದು ಬರುತ್ತದೆ. ಕಟಾನಾದ ಸಾಗೆಯೊ ಸಾಮಾನ್ಯವಾಗಿ ಎರಡು ಮೀಟರಿನ ಆಸುಪಾಸು, ಚಿಕ್ಕ ಕತ್ತಿಗಳಿಗೆ ಅದಕ್ಕಿಂತ ಕಡಿಮೆ. ಕತ್ತಿಯನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿದಾಗ ಒರೆ ಜಾರದಂತೆ ಕಟ್ಟುವುದು ಅದರ ಮುಖ್ಯ ಕೆಲಸ. ಬೇಕಾದರೆ ಅಗಲ ತೋಳನ್ನು ಎತ್ತಿ ಕಟ್ಟಿಕೊಳ್ಳಲೂ ಆಗುತ್ತಿತ್ತು. ಕತ್ತಿಯನ್ನು ಪ್ರದರ್ಶನಕ್ಕೆ ಇಟ್ಟಾಗ ಹಾಕುವ ಚಂದದ ಗಂಟುಗಳು ಬೇರೆ, ಸೊಂಟಕ್ಕೆ ಕಟ್ಟುವ ರೀತಿ ಬೇರೆ.

ಕತ್ತಿ ಎಳೆಯುವ ಕಲೆಯಾದ ಇಯಾಯಿದೊದಲ್ಲಿ ಈ ಹಗ್ಗವನ್ನು ಹೇಗೆ ಹಿಡಿಯಬೇಕು, ಎಲ್ಲಿ ಕಟ್ಟಬೇಕು ಎಂಬುದು ಪರಂಪರೆಯಿಂದ ಪರಂಪರೆಗೆ ಬದಲಾಗುತ್ತದೆ. ಉದ್ದ ಹೆಚ್ಚಾದರೆ ಮಂಡಿಯೂರಿ ಏಳುವಾಗ ಕಾಲಿಗೆ ಸಿಕ್ಕುತ್ತದೆ. ಹೊಸ ಹಗ್ಗ ಕೊಳ್ಳುವ ಮುನ್ನ ಕಲಿಸುವವರನ್ನು ಕೇಳುವುದು ಒಳ್ಳೆಯದು.

ಕತ್ತಿ ನಿಷೇಧವಾದಾಗ ಹಗ್ಗ ಹೆಣೆಯುವವರು ಏನಾದರು?

ಈ ಪಟ್ಟಿ, ಹಗ್ಗಗಳನ್ನು ಹೆಣೆಯುವ ಜಪಾನೀ ಕಲೆಗೆ ಕುಮಿಹಿಮೊ ಎಂದು ಹೆಸರು. ಹಲವು ಎಳೆಗಳನ್ನು ಭಾರದ ಉರುಳೆಗಳಿಗೆ ಸುತ್ತಿ, ಒಂದು ಪೀಠದ ಮೇಲೆ ಕ್ರಮವಾಗಿ ಅದಲುಬದಲು ಮಾಡುತ್ತ ಹೆಣೆಯುತ್ತಾರೆ. 1876ರಲ್ಲಿ ಮೈಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಪೊಲೀಸರು, ಸೈನಿಕರಂಥವರಿಗೆ ಮಾತ್ರ ವಿನಾಯಿತಿ. ಕತ್ತಿ ಹೋದ ಮೇಲೆ ಅದರ ಹಗ್ಗಕ್ಕೆ ಗಿರಾಕಿ ಎಲ್ಲಿ? ಹೆಣೆಯುವವರು ಕಿಮೋನೊದ ಸೊಂಟಪಟ್ಟಿಯ ಮೇಲೆ ಕಟ್ಟುವ ಅಲಂಕಾರಿಕ ದಾರದ ಕಡೆ ತಿರುಗಿದರು. ಕಸುಬು ಉಳಿಯಿತು. ಕ್ಯೋಟೊ ಮತ್ತು ಮಿಯೆ ಪ್ರಾಂತದ ಇಗಾ ಇಂದಿಗೂ ಇದಕ್ಕೆ ಹೆಸರುವಾಸಿ. 2016ರ ಆನಿಮೆ ಸಿನಿಮಾ 'ಯುವರ್ ನೇಮ್' ನೋಡಿದವರಿಗೆ ಅದರಲ್ಲಿ ಬರುವ ಹೆಣೆದ ದಾರ ನೆನಪಿರಬಹುದು. ಅದು ಇದೇ ಕಲೆ.

ಹಾಗಾದರೆ ಏನನ್ನು ಬದಲಿಸಬಹುದು?

ನಿಮ್ಮ ಬಳಿ ಅಭ್ಯಾಸದ ಕತ್ತಿಯೋ ಪ್ರದರ್ಶನದ ಪ್ರತಿಕೃತಿಯೋ ಇದ್ದರೆ:

• ಒರೆಯ ಹಗ್ಗವನ್ನು ಯಾರು ಬೇಕಾದರೂ ಬದಲಿಸಬಹುದು. ಅದರಿಂದ ಅಲಗಿನ ಭದ್ರತೆಗೆ ಧಕ್ಕೆಯಿಲ್ಲ. ಬಣ್ಣದ ಆಸೆ ತೀರಿಸಿಕೊಳ್ಳಲು ಇದೇ ಸುಲಭದ, ಅಗ್ಗದ ದಾರಿ.

• ಹಿಡಿಯ ದಾರವನ್ನು ಕತ್ತಿ ಕೊಳ್ಳುವಾಗಲೇ ಆರಿಸಿಕೊಳ್ಳಿ. ಜಪಾನಿನಲ್ಲಿ ಅಭ್ಯಾಸದ ಕತ್ತಿ ಮಾಡುವವರು ದಾರದ ಬಣ್ಣ, ವಸ್ತು, ಮೆನುಕಿ, ಹಿಡಿಯ ಉದ್ದ ಎಲ್ಲವನ್ನೂ ಗಿರಾಕಿ ಹೇಳಿದಂತೆ ಮಾಡಿಕೊಡುತ್ತಾರೆ.

• ಗೋಡೆಗೆ ನೇತುಹಾಕುವ ಪ್ರತಿಕೃತಿಗೆ ಮನೆಯಲ್ಲೇ ಹೊಸ ದಾರ ಸುತ್ತಬಹುದು. ಆದರೆ ಆಮೇಲೂ ಅದು ಗೋಡೆಯ ಮೇಲೇ ಇರಬೇಕು. ಇಂಥ ಅಗ್ಗದ ಪ್ರತಿಕೃತಿಗಳಲ್ಲಿ ಅಲಗಿನ ಬುಡಕ್ಕೆ ಒಂದು ತೆಳ್ಳನೆಯ ಸರಳನ್ನು ಬೆಸೆದಿರುವುದುಂಟು. ಒಂದೇ ಜೋರು ಬೀಸಿಗೆ ಬೆಸುಗೆ ಬಿಡಬಹುದು. ಎಷ್ಟೇ ಚಂದದ ದಾರ ಸುತ್ತಿದರೂ ಈ ದೋಷ ಹೋಗುವುದಿಲ್ಲ.

• ಬೀಸಿ ಅಭ್ಯಾಸ ಮಾಡುವ ಕತ್ತಿಯ ಹಿಡಿಯನ್ನು ಪಳಗಿದವರ ಕೈಗೇ ಕೊಡಿ. ದಾರ ಬಿಚ್ಚಿದಾಗ ಮೊದಲು ನೋಡಬೇಕಾದ್ದು ಮರ, ಆಮೇಲೆ ಚರ್ಮ, ಆಮೇಲೆ ಬೆಣೆ. ಬಣ್ಣ ಕೊನೆಗೆ. ವಿಡಿಯೊ ನೋಡಿ ಸುತ್ತುವವರು ಮಾಡುವುದು ಇದರ ತಿರುವುಮುರುವು.

• ಫೆವಿಕ್ವಿಕ್, ಎಪಾಕ್ಸಿ ಬೇಡ. ಗಟ್ಟಿ ಅಂಟು ಹಾಕಿದ ಹಿಡಿಯನ್ನು ಮತ್ತೆ ಬಿಚ್ಚಲಾಗದು. ಒಳಗಿನ ಬಿರುಕು, ತುಕ್ಕು ಯಾರಿಗೂ ಕಾಣುವುದಿಲ್ಲ.

• ಬಿದಿರಿನ ಬೆಣೆಯ ಜಾಗದಲ್ಲಿ ಮೊಳೆ, ಬೆಂಕಿಕಡ್ಡಿ, ಮೃದು ಮರದ ತುಂಡು ತುರುಕಬೇಡಿ.

ಹಿಡಿ ಸರಿಯಿದೆಯೇ ಎಂದು ತಿಳಿಯಲು ಮೂರು ಪರೀಕ್ಷೆಗಳು ಸಾಕು. ಅಲಗು ಒರೆಯಲ್ಲೇ ಇರಲಿ. ಹೆಬ್ಬೆರಳಿನಿಂದ ದಾರ ದಾಟುವ ಜಾಗವನ್ನು ಒತ್ತಿ ತಳ್ಳಿ: ಜರುಗಬಾರದು. ಬೆಣೆಯ ತುದಿ ಒತ್ತಿ: ಸುಲಭವಾಗಿ ಹೊರಬರಬಾರದು. ಹಿಡಿಯನ್ನು ಮೆಲ್ಲಗೆ ಅಲುಗಾಡಿಸಿ: ಹಿಡಿಯೊಳಗಿಂದ ಕಟಕಟ ಸದ್ದು ಬರಬಾರದು. ಯಾವುದಾದರೂ ಒಂದರಲ್ಲಿ ಸಂಶಯ ಬಂದರೂ ಆ ಕತ್ತಿಯನ್ನು ಬೀಸಬೇಡಿ.

ಹಳೆಯ ಕತ್ತಿಯಾದರೆ?

ಆಗ ನಿಯಮ ಒಂದೇ: ಮುಟ್ಟಬೇಡಿ. ಹಳೆಯ ಜಪಾನೀ ಅಲಗಿನ ಬುಡದಲ್ಲಿ ಮಾಡಿದವನ ಹೆಸರು ಕೆತ್ತಿರಬಹುದು. ಅಲ್ಲಿನ ಕಪ್ಪು ಕಂದು ತುಕ್ಕಿನ ಬಣ್ಣ ನೋಡಿಯೇ ತಜ್ಞರು ಕತ್ತಿಯ ವಯಸ್ಸು ಅಂದಾಜು ಮಾಡುತ್ತಾರೆ. "ಕೊಳೆ" ಎಂದು ಉಪ್ಪುಕಾಗದ ಹಾಕಿ ಉಜ್ಜಿದರೆ ಆ ಸಾಕ್ಷಿ ಶಾಶ್ವತವಾಗಿ ಹೋಗುತ್ತದೆ, ಬೆಲೆಯೂ ಬೀಳುತ್ತದೆ. ಹಳೆಯ ದಾರವೂ ಹಾಗೆಯೇ. ಮಾಸಿದೆ ಎಂದು ಕತ್ತರಿಸಿ ಎಸೆದದ್ದು ನೂರಾರು ವರ್ಷದ ಕೈಕೆಲಸವಾಗಿರಬಹುದು.

ಕಾನೂನು ಏನು ಹೇಳುತ್ತದೆ?

ಜಪಾನಿನಲ್ಲೇ ಕತ್ತಿ ಇಟ್ಟುಕೊಳ್ಳುವುದು ಬಿಗಿಯಾದ ನಿಯಮಕ್ಕೆ ಒಳಪಟ್ಟಿದೆ. 1958ರ ಕಾಯ್ದೆಯಂತೆ ಸಾಂಪ್ರದಾಯಿಕ ಉಕ್ಕಿನ ಕತ್ತಿಗೆ ನೋಂದಣಿ ಪತ್ರ ಇರಬೇಕು. ಅಲ್ಲಿ ಅಭ್ಯಾಸಿಗಳು ಹೆಚ್ಚಾಗಿ ಬಳಸುವುದು ಸತು ಮತ್ತು ಅಲ್ಯೂಮಿನಿಯಂ ಮಿಶ್ರಲೋಹದ, ಹರಿತವಿಲ್ಲದ ಕತ್ತಿಗಳನ್ನು.

ಭಾರತದಲ್ಲಿ 1959ರ ಆಯುಧ ಕಾಯ್ದೆ ಮತ್ತು ಅದರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಕತ್ತಿಗಳನ್ನು ಆಯುಧಗಳ ಪಟ್ಟಿಯಲ್ಲಿ ಇಡುತ್ತವೆ. ಮನೆಗೆಲಸ, ಬೇಸಾಯದ ಉಪಕರಣಗಳು ಈ ಲೆಕ್ಕದಲ್ಲಿಲ್ಲ. ಮಾರುವವರು "ಅಲಂಕಾರಕ್ಕೆ" ಎಂದು ಬರೆದ ಮಾತ್ರಕ್ಕೆ ಹರಿತವಾದ ಕತ್ತಿ ಆಟಿಕೆಯಾಗುವುದಿಲ್ಲ. ಕೊಳ್ಳುವ ಮುನ್ನ ಸ್ಥಳೀಯ ಠಾಣೆಯಲ್ಲಿ ವಿಚಾರಿಸಿ. ಬೀದಿಯಲ್ಲಿ ಝಳಪಿಸಿ ರೀಲ್ಸ್ ಮಾಡಿದರೆ ಪೊಲೀಸ್ ಪ್ರಕರಣವಾಗಬಹುದು.

ಫಾರ್ವರ್ಡ್ ಮಾಡುವ ಮುನ್ನ, ಚುಟುಕಾಗಿ

"ಹಿಡಿಯ ದಾರ ಬರೀ ಶೋಕಿಗೆ": ಸುಳ್ಳು. ಮರ, ಚರ್ಮಗಳನ್ನು ಬಿಗಿದಿಡುವುದು, ಬೆವರು ಹೀರುವುದು, ಕೈ ಜಾರದಂತೆ ತಡೆಯುವುದು ಅದರ ಕೆಲಸ.

"ಒಳಗಿರುವುದು ಶಾರ್ಕ್ ಚರ್ಮ": ಸುಳ್ಳು. ಅದು ತೊರಕೆ ಬಳಗದ ಮೀನಿನದು.

"ಬಣ್ಣ ನೋಡಿದರೆ ಪದವಿ ಗೊತ್ತಾಗುತ್ತದೆ": ಬಹುಪಾಲು ಸುಳ್ಳು. ಕೋಟೆಯ ಔಪಚಾರಿಕ ಕತ್ತಿಗೆ ಕಪ್ಪು ದಾರದ ಶಿಸ್ತು ಇದ್ದದ್ದು ಮಾತ್ರ ನಿಜ.

"ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಸುತ್ತಬಹುದು": ಒರೆಯ ಹಗ್ಗಕ್ಕಾದರೆ ನಿಜ. ಬೀಸುವ ಕತ್ತಿಯ ಹಿಡಿಗೆ ಈ ಮಾತು ಅಪಾಯಕಾರಿ. ಈ ನಾಲ್ಕರಲ್ಲಿ ಒಂದನ್ನು ಮಾತ್ರ ನಿಮ್ಮ ಗ್ರೂಪಿಗೆ ತಿಳಿಸುವುದಾದರೆ ಇದನ್ನೇ ತಿಳಿಸಿ.